ಸಭೆಯಲ್ಲಿ ದೇವರ ಆಜ್ಞೆಗಳನ್ನು ಎಲ್ಲರೂ ಸೇರಿ ಪಾಲಿಸುವುದು ಹೇಗೆ? ಬಡ್ಡಿಯ ಮಾತು ಯಾಕೆ ಯಾರೂ ಎತ್ತುವುದಿಲ್ಲ?

ಠಾಣೆ ಕನ್ನಡಿಗ
ಎಲ್ಲರಿಗೂ ವಂದನೆ. ನಮ್ಮದು ಠಾಣೆ ಕಡೆಯ ಒಂದು ಕನ್ನಡ ಕ್ರೈಸ್ತ ಸಭೆ. ಹೆಸರು ಬೇಡ. ಸ್ವಂತ ಕಟ್ಟಡ ಇಲ್ಲ. ಶಾಲೆಯ ಹಾಲ್ ಬಾಡಿಗೆಗೆ ತೆಗೆದುಕೊಂಡು ಭಾನುವಾರ ಮಧ್ಯಾಹ್ನ ಆರಾಧನೆ ಮಾಡುತ್ತೇವೆ. ಜಾಸ್ತಿ ಜನ ಗದಗ, ಬೆಟಗೇರಿ, ಹುಬ್ಬಳ್ಳಿ ಕಡೆಯವರು. ಕೆಲವರು ಉಡುಪಿ, ಮಂಗಳೂರಿನವರು.

ಈಗ ಕಮಿಟಿಯವರು ಹೊಸ ನಿಯಮಾವಳಿ ಬರೆದಿದ್ದಾರೆ. ಸತತ ಮೂರು ಭಾನುವಾರ ಆರಾಧನೆಗೆ ಬಾರದವರ ಹೆಸರನ್ನು ಸಭೆಯ ಮುಂದೆ ಓದಬೇಕು. ಕುಡಿಯುವವರಿಗೆ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಇಲ್ಲ. ಹೀಗೆ ಶಿಸ್ತಿಗೆ ಒಳಗಾದವರ ಮನೆಯ ಮದುವೆ, ಸಾವು, ಹುಟ್ಟುಹಬ್ಬ ಯಾವುದಕ್ಕೂ ಬೇರೆ ಸದಸ್ಯರು ಹೋಗಬಾರದು. ಮೇಲೆ ದಪ್ಪ ಅಕ್ಷರದಲ್ಲಿ "ದೇವರ ಆಜ್ಞೆಗಳನ್ನು ಒಟ್ಟಾಗಿ ಪಾಲಿಸೋಣ" ಎಂದು ಬರೆದಿದ್ದಾರೆ.

ಆಜ್ಞೆ ಬೇಡ ಅನ್ನುವವನು ನಾನಲ್ಲ. ಶಿಸ್ತು ಇಲ್ಲದ ಸಭೆ ನಿಲ್ಲುವುದಿಲ್ಲ ಎಂದು ನಂಬುವವನು. ಆದರೆ ನಮ್ಮ ಸಭೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ವಿಷಯ ಆ ಪಟ್ಟಿಯಲ್ಲಿಲ್ಲ. ಅನುಕೂಲಸ್ಥರು ಕೆಲವರು ಸಭೆಯ ಬಡವರಿಗೇ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿಗೆ ಹಣ ಕೊಡುತ್ತಾರೆ. ಮನೆಗೆಲಸ ಮಾಡುವ ಒಬ್ಬ ವಿಧವೆ ಅಕ್ಕನ ಕಿವಿಯೋಲೆ ಒಬ್ಬ ಹಿರಿಯರ ಕಪಾಟಿನಲ್ಲಿದೆ. ಮಗಳ ಕಾಲೇಜು ಫೀಸಿಗಾಗಿ ಇಟ್ಟದ್ದು. ಆಕೆ ಈಗ ಆರಾಧನೆಗೆ ಬರುತ್ತಿಲ್ಲ. ಬಂದರೆ ಅವರ ಮುಖ ನೋಡಬೇಕಲ್ವಾ. ಹೊಸ ನಿಯಮದ ಪ್ರಕಾರ ಮೊದಲು ಓದುವ ಹೆಸರು ಆಕೆಯದೇ ಆಗುತ್ತದೆ.

ನಿಮ್ಮ ಸಭೆಗಳಲ್ಲಿ ಏನು ಮಾಡುತ್ತೀರಿ? ಮುಂಬೈ, ಪುಣೆ, ಗೋವಾದವರು ದಯವಿಟ್ಟು ಹೇಳಿ. ನಮ್ಮ ಪರಿಸ್ಥಿತಿ ಊರಿನ ಸಭೆಗಳಂತಲ್ಲ.

ಮುಲುಂಡ್ ನರ್ಸಕ್ಕ
ಮೂರು ಭಾನುವಾರದ ನಿಯಮ ಓದಿಯೇ ಹೊಟ್ಟೆ ಉರಿಯಿತು. ನನ್ನ ಡ್ಯೂಟಿ ಪಟ್ಟಿಯಲ್ಲಿ ಭಾನುವಾರ ರಜೆ ಸಿಗುವುದು ಅಪರೂಪ. ರೋಗಿಗೆ ಭಾನುವಾರ ಗೊತ್ತಾಗುತ್ತದೆಯೇ? ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತನ್ನು ಎತ್ತುವುದಿಲ್ಲವೇ ಎಂದು ಯೇಸುವೇ ಕೇಳಿದ್ದಾನೆ, ಲೂಕ 14. ಹಾಗಾದರೆ ನನ್ನ ಹೆಸರನ್ನೂ ಓದುತ್ತಾರಾ?

ಡೊಂಬಿವಲಿ ಪೈ. ಸೈ.
ಜೊತೆಗೆ ಸೆಂಟ್ರಲ್ ಲೈನಿನ ಮೆಗಾ ಬ್ಲಾಕ್, ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು! ಭಾನುವಾರ ಮಧ್ಯಾಹ್ನವೇ ಇರುತ್ತದೆ. ಮೂರು ಸಲ ಬ್ಲಾಕ್ ಬಿದ್ದರೆ ಅರ್ಧ ಸಭೆಯ ಹೆಸರು ಓದಬೇಕಾಗುತ್ತದೆ.

ನಿವೃತ್ತ ಮಾಸ್ತರ, ಪುಣೆ
ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ.

ನಾವು ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವರು. ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ನನ್ನ ಅಜ್ಜ ಹೇಳುತ್ತಿದ್ದರು, ಕರ್ತನ ಭೋಜನದ ಮುಂಚಿನ ವಾರ ಸಭೆಯ ಹಿರಿಯರು ಮನೆಮನೆಗೆ ಬರುತ್ತಿದ್ದರಂತೆ. ಅಣ್ಣ ತಮ್ಮಂದಿರು ಜಗಳ ಆಡಿದ್ದರೆ ಮೊದಲು ರಾಜಿ, ಆಮೇಲೆ ಭೋಜನ. ಈಗ ಯಾರು ಏನು ಮಾಡಿದರೂ "ಅದು ಅವರ ವೈಯಕ್ತಿಕ" ಅನ್ನುತ್ತೇವೆ. ಪೌಲನು ಹಾಗೆ ಅನ್ನಲಿಲ್ಲ. ಕೊರಿಂಥದಲ್ಲಿ ತಂದೆಯ ಹೆಂಡತಿಯನ್ನು ಇಟ್ಟುಕೊಂಡವನನ್ನು ಸಭೆಯಿಂದ ಹೊರಗೆ ಹಾಕಿ ಎಂದು ನೇರವಾಗಿ ಬರೆದ. ಯೆಹೋಶುವ 7 ತೆಗೆದು ನೋಡಿ. ಆಕಾನ ಒಬ್ಬ ಕದ್ದು ಬಚ್ಚಿಟ್ಟದ್ದಕ್ಕೆ ಇಡೀ ಇಸ್ರಾಯೇಲು ಸೋತಿತು. ಒಬ್ಬನ ಪಾಪ ಒಬ್ಬನಲ್ಲೇ ನಿಲ್ಲುವುದಿಲ್ಲ.

ನರ್ಸಕ್ಕನ ಡ್ಯೂಟಿಯೂ ಸುಮ್ನೆ ಮನೆಯಲ್ಲಿ ಮಲಗುವವನ ಸೋಮಾರಿತನವೂ ಒಂದೇ ಅಲ್ಲ. ಯಾವ ಹಿರಿಯರಿಗೂ ಅಷ್ಟು ತಿಳಿಯುತ್ತದೆ. ಆದರೆ ನಿಯಮವೇ ಬೇಡ ಅನ್ನಬೇಡಿ.

ಅಂಧೇರಿ ಮಂಗಳೂರಿಯನ್
ನಾನು ಕಥೋಲಿಕ. ಆದರೂ ಸ್ವಲ್ಪ ಮೂಗು ತೂರಿಸುತ್ತೇನೆ. ನರ್ಸಕ್ಕ, ನಮ್ಮಲ್ಲಿ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಮುಗಿದಂತೆ. 1983ರ ಕ್ಯಾನನ್ ಕಾನೂನಿನಲ್ಲೇ, ಅಂದರೆ ನಮ್ಮ ಧರ್ಮಸಭೆಯ ಕಾನೂನಿನಲ್ಲೇ ಇದೆ. ರೋಗಿ ನೋಡಿಕೊಳ್ಳುವವರಿಗೆ, ಹಸುಗೂಸು ಇರುವ ತಾಯಿಗೆ ವಿನಾಯಿತಿ ಇದೆ. ಮೂರನೇ ಆಜ್ಞೆಯ ಉದ್ದೇಶ ಜನರನ್ನು ಹಿಡಿದು ನಿಲ್ಲಿಸುವುದಲ್ಲ.

ಡೊಂಬಿವಲಿ ಪೈ. ಸೈ.
ಸಬ್ಬತ್ತು ನಾಲ್ಕನೇ ಆಜ್ಞೆ ಅಲ್ವಾ? ಮೂರನೆಯದು ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಅನ್ನುವುದು.

ಅಂಧೇರಿ ಮಂಗಳೂರಿಯನ್
ನಿಮಗೆ ನಾಲ್ಕು, ನಮಗೆ ಮೂರು. ಕಥೋಲಿಕರೂ ಲೂಥರನ್ನರೂ ವಿಗ್ರಹದ ಮಾತನ್ನು ಮೊದಲನೇ ಆಜ್ಞೆಯೊಳಗೇ ಸೇರಿಸಿ ಎಣಿಸುತ್ತೇವೆ. ಕೊನೆಯಲ್ಲಿ ನೆರೆಯವನ ಹೆಂಡತಿಯನ್ನು ಬಯಸಬಾರದು, ಆಸ್ತಿಯನ್ನು ಬಯಸಬಾರದು ಅನ್ನುವುದನ್ನು ಎರಡು ಮಾಡುತ್ತೇವೆ. ಒಟ್ಟು ಹತ್ತೇ. ಬೈಬಲಿನಲ್ಲಿ ಒಂದು, ಎರಡು ಎಂದು ನಂಬರ್ ಹಾಕಿಲ್ಲ.

ಬೈನಾ ಬಂಧು, ವಾಸ್ಕೊ
ನಮ್ಮ ಯಜಮಾನರು ಸಿರಿಯನ್ ಆರ್ಥೊಡಾಕ್ಸ್, ನಾನು ಮೆಥೊಡಿಸ್ಟ್, ಮಕ್ಕಳು ಕಾನ್ವೆಂಟು. ಮನೆಯಲ್ಲಿ ಈ ಎಣಿಕೆಯ ಜಗಳ ದಿನಾ ಇದೆ. ಇಲ್ಲಿಗೇ ಬಿಡಿ!

ಕುಡಿತದ ಬಗ್ಗೆ ಮಾತ್ರ ಗಂಭೀರವಾಗಿ ಹೇಳುತ್ತೇನೆ. ಗೋವಾದಲ್ಲಿ ಮೂಲೆ ಮೂಲೆಗೂ ಬಾರ್. ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ನಮ್ಮ ಗಂಡಸರು ವಾರದ ಕೂಲಿ ಹಿಡಿದು ನೇರ ಅಲ್ಲಿಗೇ ಹೋಗುತ್ತಾರೆ. ನಾವು ಹೆಂಗಸರು ಇಲ್ಲಿ ಒಂದು ಪ್ರಾರ್ಥನೆ ಗುಂಪು ಮಾಡಿಕೊಂಡಿದ್ದೇವೆ. ಕುಡಿಯುವವರ ಪಟ್ಟಿ ಮಾಡಲಿಲ್ಲ. ಶನಿವಾರ ಸಂಜೆ ಕೂಲಿ ಸಿಗುವ ಹೊತ್ತಿಗೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ ಇಟ್ಟೆವು. ಜೊತೆಗೆ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಣಮೀನಿನ ಸಾರು. ಗಂಡಸರು ರೊಟ್ಟಿಗೆ ಬಂದರು, ಆಮೇಲೆ ಪ್ರಾರ್ಥನೆಗೆ ಕೂತರು. ಎಲ್ಲರೂ ಬಿಟ್ಟರು ಅಂತ ಹೇಳುವುದಿಲ್ಲ. ಬಿಟ್ಟವರು ಇದ್ದಾರೆ. ಹೆಸರು ಓದಿದ್ದರೆ ಒಬ್ಬನೂ ಹೊಸ್ತಿಲು ದಾಟುತ್ತಿರಲಿಲ್ಲ.

ಮಡಗಾಂವ್ ಡ್ರೈವರ್
ಅಕ್ಕ, ಆ ಪ್ರಾರ್ಥನೆ ಈಗಲೂ ನಡೆಯುತ್ತದಾ? ಎಲ್ಲಿ? ಎಣ್ಣೆಗಾಯಿ ತಿಂದು ಕಾಲ ಆಯಿತು.

ಬೈನಾ ಬಂಧು, ವಾಸ್ಕೊ
ಬಾ ತಮ್ಮಾ, ಮೆಸೇಜ್ ಮಾಡು. ವಿಳಾಸ ಇಲ್ಲಿ ಹಾಕುವುದಿಲ್ಲ.

ಕಲ್ಬಾದೇವಿ ವ್ಯಾಪಾರಿ
ಕುಡಿತ ಸರಿ. ಆದರೆ ಬಡ್ಡಿಯನ್ನು ಯಾಕೆ ಪಾಪದ ಪಟ್ಟಿಗೆ ಎಳೆಯುತ್ತೀರಿ? ಬ್ಯಾಂಕಿನವರು ನಮ್ಮ ಜನರಿಗೆ ಸಾಲ ಕೊಡುತ್ತಾರಾ? ಸಂಬಳದ ಚೀಟಿ ಇಲ್ಲ, ಬಾಡಿಗೆ ಮನೆ, ಜಾಮೀನು ಇಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ದುಡ್ಡು ಬೇಕಾದಾಗ ಬಾಗಿಲು ತೆರೆಯುವವರು ಇದೇ ಹಿರಿಯರು. ಅವರ ಹಣವೂ ಮುಳುಗುತ್ತದೆ. ಯೇಸು ಹೇಳಿದ ತಲಾಂತುಗಳ ಸಾಮ್ಯದಲ್ಲಿ, ಆಳುಗಳ ಕೈಗೆ ಹಣ ಕೊಟ್ಟು ಹೋದ ಯಜಮಾನನ ಕಥೆಯಲ್ಲಿ, ಯಜಮಾನನೇ "ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು" ಅನ್ನುತ್ತಾನಲ್ಲ, ಮತ್ತಾಯ 25.

ಠಾಣೆ ಕನ್ನಡಿಗ
ಅಣ್ಣ, ಲೆಕ್ಕ ಹಾಕಿ. 50,000 ರೂಪಾಯಿಗೆ ತಿಂಗಳಿಗೆ 1,500. ವರ್ಷಕ್ಕೆ 18,000. ಅಸಲು ಹಾಗೇ ಇರುತ್ತದೆ. ಆ ಅಕ್ಕನ ಸಂಬಳದಲ್ಲಿ ಪ್ರತಿ ತಿಂಗಳು 1,500 ಹೋದರೆ ಅಸಲು ತೀರುವುದು ಯಾವಾಗ?

ಗದಗಿನ ಮಗಳು, ಖಡಕಿ
ವ್ಯಾಪಾರಿ ಅಣ್ಣನ ಪ್ರಶ್ನೆಗೆ ನೇರ ಉತ್ತರ ಕೊಡಬೇಕು ಅನ್ನಿಸುತ್ತದೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ತಲಾಂತುಗಳ ಸಾಮ್ಯದ ವಿಷಯ ಬೇರೆ. ಅಲ್ಲಿ ಯಜಮಾನ ತನ್ನ ದೊಡ್ಡ ಬಂಡವಾಳದ ಲೆಕ್ಕ ಕೇಳುತ್ತಾನೆ. ಬಡವನ ಮನೆಯ ಸಾಲದ ಬಗ್ಗೆ ಆಜ್ಞೆ ಇರುವುದು ಬೇರೆ ಕಡೆ. ವಿಮೋಚನಕಾಂಡ 22ರಲ್ಲಿ, ನನ್ನ ಜನರಲ್ಲಿ ಬಡವನಿಗೆ ಹಣ ಕೊಟ್ಟರೆ ಬಡ್ಡಿ ಹೇರಬೇಡ ಎಂದಿದೆ. ಅದರ ಮುಂದಿನ ವಚನದಲ್ಲೇ ಒತ್ತೆ ಇಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ಹಿಂದೆ ಕೊಡು ಎಂದಿದೆ. ಅದೊಂದೇ ಅವನ ಹೊದಿಕೆ, ರಾತ್ರಿ ಏನು ಹೊದ್ದುಕೊಂಡು ಮಲಗಬೇಕು ಎಂದು ದೇವರೇ ಕೇಳುತ್ತಾನೆ. ಯಾಜಕಕಾಂಡ 25ರಲ್ಲಿ ಮತ್ತೆ ಅದೇ ಮಾತು. ಕೀರ್ತನೆ 15ರಲ್ಲಿ ದೇವರ ಗುಡಾರದಲ್ಲಿ ಯಾರು ಇರಬಹುದು ಎಂಬ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಒಂದು, ಸಾಲಕ್ಕೆ ಬಡ್ಡಿ ತೆಗೆದುಕೊಳ್ಳದವನು. ಇಷ್ಟು ಸಲ ಹೇಳಿದ್ದನ್ನು ನಮ್ಮ ನಿಯಮಾವಳಿಗಳು ಬಿಟ್ಟುಬಿಡುತ್ತವೆ.

ಈಗ ನೆಹೆಮೀಯ 5 ಓದಿ. ನೆಹೆಮೀಯ ಯೆಹೂದ್ಯರ ಅಧಿಪತಿ. ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸ ನಡೆಯುತ್ತಿದೆ. ಹೊರಗೆ ಶತ್ರುಗಳ ಕಾಟ. ಒಳಗೆ ಬರಗಾಲ. ಬಡವರು ಧಾನ್ಯಕ್ಕಾಗಿ ಹೊಲ, ದ್ರಾಕ್ಷೇತೋಟ, ಮನೆ ಒತ್ತೆ ಇಟ್ಟಿದ್ದಾರೆ. ರಾಜನ ಕಂದಾಯ ಕಟ್ಟಲು ಸಾಲ ಮಾಡಿದ್ದಾರೆ. ಮಕ್ಕಳನ್ನು ಜೀತಕ್ಕೆ ಕಳಿಸಿದ್ದಾರೆ. ಸಾಲ ಕೊಟ್ಟವರು ಪರದೇಶದವರಲ್ಲ, ಅವರ ಸ್ವಂತ ಸಹೋದರರು. ಹೆಂಗಸರೂ ಸೇರಿ ಗೋಳಾಡುತ್ತಾರೆ.

ನೆಹೆಮೀಯ ಸಿಟ್ಟಾಗುತ್ತಾನೆ. ಮನಸ್ಸಿನಲ್ಲಿ ಯೋಚಿಸಿ ಆಮೇಲೆ ಮಾತಾಡುತ್ತಾನೆ. ಯಾರನ್ನು ಎದುರು ಹಾಕಿಕೊಳ್ಳುತ್ತಾನೆ? ಸಾಲಗಾರರನ್ನಲ್ಲ. ಶ್ರೀಮಂತರನ್ನು, ಅಧಿಕಾರಿಗಳನ್ನು. ದೊಡ್ಡ ಸಭೆ ಸೇರಿಸುತ್ತಾನೆ. ಅವರಿಗೆ ಮಾತು ಹೊರಡುವುದಿಲ್ಲ. ಹತ್ತನೇ ವಚನ ನನಗೆ ತುಂಬ ಮುಖ್ಯ. "ನಾನೂ ನನ್ನ ಸಹೋದರರೂ ನನ್ನ ಸೇವಕರೂ ಸಾಲ ಕೊಟ್ಟಿದ್ದೇವೆ" ಎಂಬ ಅರ್ಥದಲ್ಲಿ ತನ್ನನ್ನೂ ಸೇರಿಸಿಕೊಂಡು, ಇನ್ನು ಬಡ್ಡಿ ಬಿಡೋಣ ಅನ್ನುತ್ತಾನೆ. ಹೊಲ, ತೋಟ, ಮನೆ ಹಿಂದೆ ಕೊಡಿ, ಬಡ್ಡಿಯಾಗಿ ತೆಗೆದುಕೊಂಡ ನೂರರಲ್ಲಿ ಒಂದು ಪಾಲನ್ನೂ ಕೊಡಿ ಅನ್ನುತ್ತಾನೆ. ಅವರು ಒಪ್ಪುತ್ತಾರೆ. ಬಾಯಿಮಾತಿಗೆ ಬಿಡದೆ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸುತ್ತಾನೆ. ಇಡೀ ಸಭೆ ಆಮೆನ್ ಅನ್ನುತ್ತದೆ.

ಆಜ್ಞೆಯನ್ನು ಒಟ್ಟಾಗಿ ಪಾಲಿಸುವುದು ಅಂದರೆ ನನಗೆ ಇದೇ. ಶಕ್ತಿ ಇರುವವರಿಂದ ಶುರುವಾಗಬೇಕು. ಬಡವನಿಗೆ ಆಜ್ಞೆ ಪಾಲಿಸುವ ಅನುಕೂಲ ಮಾಡಿಕೊಡಬೇಕು. ಠಾಣೆಯ ಆ ಅಕ್ಕ ಸಾಲದ ನಾಚಿಕೆಯಿಂದ ಆರಾಧನೆ ತಪ್ಪಿಸುತ್ತಿದ್ದಾರೆ. ಹಾಗಾದರೆ ಸಬ್ಬತ್ತಿನ ಆಜ್ಞೆಯನ್ನು ಮುರಿಸಿದವರು ಯಾರು?

ಮುಲುಂಡ್ ನರ್ಸಕ್ಕ
ಕೊನೆಯ ಸಾಲು ಓದಿ ಕಣ್ಣು ತುಂಬಿತು.

ನಿವೃತ್ತ ಮಾಸ್ತರ, ಪುಣೆ
ಮಗಳೇ, ಚೆನ್ನಾಗಿ ಬರೆದೆ. ಆದರೆ ಅದೇ ನೆಹೆಮೀಯನ 13ನೇ ಅಧ್ಯಾಯವನ್ನೂ ಓದು. ಸಬ್ಬತ್ತಿನಲ್ಲಿ ಮೀನು ಮಾರುತ್ತಿದ್ದ ತೂರಿನವರನ್ನು ತಡೆಯಲು ಊರಬಾಗಿಲು ಮುಚ್ಚಿಸಿದ. ಹೊರಗೆ ಕೂತು ಕಾದವರಿಗೆ ಬೆದರಿಕೆ ಹಾಕಿದ. ಪರದೇಶದ ಹೆಂಗಸರನ್ನು ಮದುವೆಯಾದ ಕೆಲವರ ಕೂದಲನ್ನೂ ಕಿತ್ತ. ಒಂದೇ ಅಧ್ಯಾಯ ತೆಗೆದುಕೊಂಡರೆ ಆಗದು.

ಗದಗಿನ ಮಗಳು, ಖಡಕಿ
ಒಪ್ಪಿದೆ ಮಾಸ್ತರೇ. ಆದರೆ ಐದು ಮೊದಲು, ಹದಿಮೂರು ಆಮೇಲೆ. ಹನ್ನೆರಡು ವರ್ಷ ಅಧಿಪತಿಗೆ ಸಲ್ಲುವ ಊಟದ ಭತ್ಯೆಯನ್ನೂ ಅವನು ತೆಗೆದುಕೊಳ್ಳಲಿಲ್ಲ ಎಂದು ಐದನೇ ಅಧ್ಯಾಯದಲ್ಲೇ ಇದೆ. ಜನರ ತಲೆಯ ಮೇಲೆ ಭಾರ ಹೇರದವನು ಬಾಗಿಲು ಮುಚ್ಚಿಸಿದರೆ ಜನ ಕೇಳುತ್ತಾರೆ.

ನಿವೃತ್ತ ಮಾಸ್ತರ, ಪುಣೆ
ಈ ಮಾತು ಸರಿ.

ಅಂಧೇರಿ ಮಂಗಳೂರಿಯನ್
ಬಡ್ಡಿಯ ವಿಷಯದಲ್ಲಿ ನಮ್ಮ ಧರ್ಮಸಭೆ ಒಂದು ಕಾಲದಲ್ಲಿ ತುಂಬ ಕಟ್ಟುನಿಟ್ಟು. 1179ರ ಮೂರನೇ ಲ್ಯಾಟರನ್ ಮಹಾಸಭೆ ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಪರಮಪ್ರಸಾದ ಇಲ್ಲ, ಕ್ರೈಸ್ತ ಶವಸಂಸ್ಕಾರವೂ ಇಲ್ಲ ಎಂದಿತು. 1745ರಲ್ಲೂ ಪೋಪ್ 14ನೇ ಬೆನೆಡಿಕ್ಟರು ಇದರ ಬಗ್ಗೆ ಪತ್ರ ಬರೆದರು. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಮಾತ್ರ ವ್ಯಾಪಾರದ ಸಾಲಕ್ಕೆ ಮಿತವಾದ ಬಡ್ಡಿ ಇರಬಹುದು ಎಂದರು. ಆದರೆ ಅವರೂ ಬಡವನಿಂದ ತೆಗೆದುಕೊಳ್ಳುವುದನ್ನು ಒಪ್ಪಲಿಲ್ಲ. ಅಂದರೆ ನಾವಿಬ್ಬರೂ ಯಾವ ಪರಂಪರೆಯವರಾದರೂ ಆ ಅಕ್ಕನ ಕಿವಿಯೋಲೆಗೆ ಸಮರ್ಥನೆ ಸಿಗುವುದಿಲ್ಲ.

ಇನ್ನೊಂದು ಮಾತು. ಒತ್ತಾಯದಿಂದ ದೇವರ ಆಜ್ಞೆ ನಡೆಸಲು ಹೊರಟರೆ ಏನಾಗುತ್ತದೆ ಎಂಬುದು ನಮ್ಮ ಮಂಗಳೂರು ಕಥೋಲಿಕರ ಮನೆತನದ ಚರಿತ್ರೆಯಲ್ಲೇ ಇದೆ. ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್, ಅಂದರೆ ನಂಬಿಕೆ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಧರ್ಮಸಭೆಯ ನ್ಯಾಯಾಲಯ, ಶುರುವಾಯಿತು. ನಡುವೆ ಕೆಲವು ವರ್ಷ ನಿಂತಿತ್ತು. ಪೂರ್ತಿ ಮುಗಿದದ್ದು 1812ರಲ್ಲಿ. ಕ್ರೈಸ್ತರಾದವರ ಮನೆಯ ಊಟ, ಉಡುಪು, ಮದುವೆಯ ಹಾಡು ಎಲ್ಲದರ ಮೇಲೂ ಕಣ್ಣು. ನೆರೆಯವರೇ ನೆರೆಯವರ ಮೇಲೆ ದೂರು ಕೊಡಬೇಕು. ದಕ್ಷಿಣಕ್ಕೆ ವಲಸೆ ಬಂದ ನಮ್ಮ ಹಿರಿಯರಲ್ಲಿ ಅದರ ಭಯಕ್ಕೆ ಬಂದವರೂ ಇದ್ದರು. ಯುದ್ಧ, ಬರ, ತೆರಿಗೆ ಬೇರೆ ಕಾರಣಗಳು. ಹೆಸರು ಓದುವ ಪಟ್ಟಿ ಅಂದ ಕೂಡಲೇ ನನಗೆ ಅದೇ ನೆನಪಾಗುತ್ತದೆ.

ನಿವೃತ್ತ ಮಾಸ್ತರ, ಪುಣೆ
ಅದು ರಾಜ್ಯದ ಕತ್ತಿ ಹಿಡಿದ ಸಭೆ. ಶಾಲೆಯ ಹಾಲಿನಲ್ಲಿ ಕೂರುವ ಈ ಚಿಕ್ಕ ಸಭೆಗೆ ಅದನ್ನು ಹೋಲಿಸಬಾರದು.

ಅಂಧೇರಿ ಮಂಗಳೂರಿಯನ್
ಕತ್ತಿ ಇಲ್ಲ, ಸರಿ. ಆದರೆ ಮುಂಬೈಯಲ್ಲಿ ಒಂಟಿಯಾಗಿರುವ ಕುಟುಂಬಕ್ಕೆ ತನ್ನ ಭಾಷೆಯ ಸಭೆ ಬಾಗಿಲು ಮುಚ್ಚಿದರೆ ಬೇರೆ ಯಾರಿದ್ದಾರೆ ಮಾಸ್ತರೇ? ಸಾವು ಬಂದರೆ ಹೆಣ ಎತ್ತುವುದಕ್ಕೆ ನಾಲ್ಕು ಜನ ಬೇಕು. ಇವರ ಮೂರನೇ ನಿಯಮ ಅದನ್ನೇ ತಡೆಯುತ್ತದೆ.

ವಸಾಯಿ ವಕೀಲ
ಮೂರನೇ ನಿಯಮದ ಬಗ್ಗೆ ಕಾನೂನಿನ ಮಾತು. ಮಹಾರಾಷ್ಟ್ರದಲ್ಲಿ ಸಾಮಾಜಿಕ ಬಹಿಷ್ಕಾರ ತಡೆ ಕಾಯ್ದೆ, 2016 ಇದೆ. ಸಮುದಾಯದವರು ಸೇರಿ ಯಾರೊಬ್ಬರ ಮದುವೆ, ಅಂತ್ಯಸಂಸ್ಕಾರಕ್ಕೆ ಹೋಗಬೇಡಿ, ಅವರ ಸಂಬಂಧ ಬಿಡಿ ಎಂದು ತೀರ್ಮಾನಿಸುವುದು ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾತಿ ಪಂಚಾಯತಿಗಳ ಕಾಟ ತಡೆಯಲು ತಂದ ಕಾಯ್ದೆ. ಆದರೆ ಯಾವ ಸಮುದಾಯಕ್ಕೂ ಅನ್ವಯಿಸುತ್ತದೆ. ಆ ಸಾಲನ್ನು ಕಮಿಟಿಯವರು ಈಗಲೇ ತೆಗೆಯಲಿ. ಕರ್ತನ ಭೋಜನ ಕೊಡಬೇಕೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ. ಅದನ್ನು ನಿಮ್ಮ ಸಭಾಪಾಲಕರು ಹೇಳಬೇಕು.

ಬಡ್ಡಿಗೂ ಕಾಯ್ದೆ ಇದೆ. ಮಹಾರಾಷ್ಟ್ರ ಲೇವಾದೇವಿ ನಿಯಂತ್ರಣ ಕಾಯ್ದೆ, 2014. ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ನಡೆಸುವುದು ಅಪರಾಧ. ಒಬ್ಬ ಸ್ನೇಹಿತ ಒಂದು ಸಲ ಕೈಸಾಲ ಕೊಡುವುದು ಬೇರೆ. ಹತ್ತು ಜನರಿಗೆ ಚಿನ್ನ ಇಟ್ಟುಕೊಂಡು ತಿಂಗಳ ಬಡ್ಡಿ ವಸೂಲಿ ಮಾಡುವುದು ಬೇರೆ.

ಡೊಂಬಿವಲಿ ಪೈ. ಸೈ.
ಹಾಗಾದರೆ ಪೊಲೀಸಿಗೆ ಹೇಳಿಬಿಡಿ ಅಷ್ಟೇ.

ವಸಾಯಿ ವಕೀಲ
ಬೇಡ. ನಾನು ವಕೀಲನಾಗಿಯೇ ಹೇಳುತ್ತೇನೆ, ಅದು ಕೊನೆಯ ದಾರಿ. ಮತ್ತಾಯ 18ರಲ್ಲಿ ಕ್ರಮ ಇದೆ. ಮೊದಲು ಒಬ್ಬನೇ ಹೋಗಿ ಅವನೊಬ್ಬನೇ ಇರುವಾಗ ಹೇಳು. ಕೇಳದಿದ್ದರೆ ಇನ್ನೊಬ್ಬರೋ ಇಬ್ಬರೋ ಜೊತೆಗೆ. ಆಗಲೂ ಕೇಳದಿದ್ದರೆ ಸಭೆಗೆ. ಠಾಣೆಯ ನಿಯಮಾವಳಿ ಮೊದಲ ಎರಡು ಹೆಜ್ಜೆ ಬಿಟ್ಟು ನೇರ ಮೂರಕ್ಕೆ ಹಾರಿದೆ. ಕುಡಿಯುವ ಹುಡುಗನಿಗೂ ಆ ಮೊದಲ ಹೆಜ್ಜೆ ಸಿಗಬೇಕು. ಬಡ್ಡಿ ತೆಗೆದುಕೊಳ್ಳುವ ಹಿರಿಯರಿಗೂ ಸಿಗಬೇಕು.

ಕಲ್ಬಾದೇವಿ ವ್ಯಾಪಾರಿ
ಇದನ್ನು ಒಪ್ಪುತ್ತೇನೆ. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಬಡ್ಡಿ ನಿಲ್ಲಿಸಿದರೆ ಸಾಲವೂ ನಿಲ್ಲುತ್ತದೆ. ಆ ವಿಧವೆ ಮುಂದಿನ ಸಲ ಎಲ್ಲಿಗೆ ಹೋಗಬೇಕು? ಬೀದಿಯ ಲೇವಾದೇವಿಯವನ ಹತ್ತಿರ ಹೋದರೆ ನೂರಕ್ಕೆ ಹತ್ತು. ಧರ್ಮೋಪದೇಶಕಾಂಡ 15ರಲ್ಲಿ ಸಾಲ ಮನ್ನಾ ಮಾಡುವ ಬಿಡುಗಡೆಯ ವರ್ಷ ಹತ್ತಿರ ಬಂತೆಂದು ಬಡವನಿಗೆ ಸಾಲ ಕೊಡದೆ ಕೈ ಬಿಗಿ ಮಾಡಬೇಡ ಎಂದೂ ಇದೆ. ಕೊಡದಿರುವುದೂ ಆಜ್ಞೆ ಮುರಿದಂತೆಯೇ.

ಗದಗಿನ ಮಗಳು, ಖಡಕಿ
ಅಣ್ಣ, ಇದು ಇಡೀ ಚರ್ಚೆಯಲ್ಲೇ ಒಳ್ಳೆಯ ಮಾತು. ಬಡ್ಡಿ ಬೇಡ ಅಂದರೆ ಅದರ ಜಾಗದಲ್ಲಿ ಏನಾದರೂ ಕಟ್ಟಬೇಕು.

ನಮ್ಮ ಗದಗ ಹತ್ತಿರದ ಕಣಗಿನಹಾಳ ಗೊತ್ತಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲೇ ಸಿದ್ದನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದರು. ರೈತರು ಸಾಹುಕಾರರ ಬಡ್ಡಿಯಿಂದ ಹೊರಬರಲಿ ಎಂದೇ. ಆ ಕಾಯ್ದೆಗೆ ಮಾದರಿಯಾದ ಜರ್ಮನಿಯ ರೈಫೈಸನ್ ಕೂಡ ಕ್ರೈಸ್ತ ನಂಬಿಕೆಯಿಂದಲೇ ಹಳ್ಳಿಯ ಪತ್ತಿನ ಸಂಘಗಳನ್ನು ಶುರು ಮಾಡಿದವರು. ಮಂಗಳೂರಿನ ಕಥೋಲಿಕರೂ 1912ರಲ್ಲಿ ಸಹಕಾರಿ ಬ್ಯಾಂಕ್ ಮಾಡಿಕೊಂಡರು. ನಮ್ಮ ಹಿರಿಯರು ಇದನ್ನೆಲ್ಲ ಮಾಡಿದ್ದಾರೆ. ನಾವು ಮರೆತಿದ್ದೇವೆ.

ಪುಣೆಯಲ್ಲಿ ಇರುವವರಿಗೆ ಇನ್ನೊಂದು ಹತ್ತಿರದ ಉದಾಹರಣೆ ಕೇಡಗಾಂವದ ಮುಕ್ತಿ ಮಿಶನ್. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಕನ್ನಡ ನೆಲದಲ್ಲೇ ಹುಟ್ಟಿದವರು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. 1896-97ರ ಬರದಲ್ಲಿ ದಿಕ್ಕಿಲ್ಲದ ಹುಡುಗಿಯರನ್ನು ಕರೆತಂದು ಸಾಕಿದರು. ಓದು ಕಲಿಸಿದರು, ಕೈಗೆ ಕಸುಬು ಕೊಟ್ಟರು. ತಮ್ಮ ಮೇಲಿನವರು ಹೇಳಿದ ಎಲ್ಲ ಸಿದ್ಧಾಂತಕ್ಕೂ ಅವರು ತಲೆಯಾಡಿಸಲಿಲ್ಲ. ಮನಸ್ಸಾಕ್ಷಿಗಾಗಿ ವಾದ ಮಾಡಿದರು. ಆದರೆ ವಿಧವೆಯರನ್ನೂ ಅನಾಥರನ್ನೂ ನೋಡಿಕೊಳ್ಳಿ ಅನ್ನುವ ಯಾಕೋಬನ ಮಾತನ್ನು ಅವರಷ್ಟು ಗಟ್ಟಿಯಾಗಿ ಪಾಲಿಸಿದವರು ಕಡಿಮೆ.

ಮಡಗಾಂವ್ ಡ್ರೈವರ್
ನಮ್ಮ ಡ್ರೈವರ್‌ಗಳ ಗುಂಪಿನಲ್ಲಿ ಭಿಶಿ ಇದೆ. ತಿಂಗಳಿಗೆ ಎಲ್ಲರೂ ಹಾಕುತ್ತೇವೆ, ಒಬ್ಬರು ಎತ್ತುತ್ತಾರೆ. ಹರಾಜು ಇಲ್ಲ, ಚೀಟಿ ಎತ್ತುವುದು. ಯಾರಿಗಾದರೂ ಕಷ್ಟ ಬಂದರೆ ಅವರಿಗೇ ಮೊದಲು. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದೇವೆ. ಸಭೆಯಲ್ಲಿ ಯಾಕೆ ಆಗುವುದಿಲ್ಲ?

ಕಲ್ಬಾದೇವಿ ವ್ಯಾಪಾರಿ
ಭಿಶಿಯಲ್ಲಿ ಮೊದಲು ಎತ್ತಿದವನು ಊರು ಬಿಟ್ಟರೆ?

ಮಡಗಾಂವ್ ಡ್ರೈವರ್
ಹೊಸಬರಿಗೆ ಮೊದಲ ಕಂತು ಕೊಡುವುದಿಲ್ಲ. ಇಬ್ಬರು ಹಳಬರು ಅವರ ಪರ ನಿಲ್ಲಬೇಕು. ಇಷ್ಟೇ ನಿಯಮ. ನಡೆಯುತ್ತಿದೆ.

ಮುಲುಂಡ್ ನರ್ಸಕ್ಕ
ಸಬ್ಬತ್ತಿನ ಬಗ್ಗೆ ಒಂದು ಮಾತು ಉಳಿಯಿತು. ಧರ್ಮೋಪದೇಶಕಾಂಡ 5ರಲ್ಲಿ ಆ ಆಜ್ಞೆಗೆ ಕೊಡುವ ಕಾರಣ ಐಗುಪ್ತದ ದಾಸತ್ವ. ನಿನ್ನಂತೆ ನಿನ್ನ ದಾಸನೂ ದಾಸಿಯೂ ವಿಶ್ರಮಿಸಿಕೊಳ್ಳಲಿ ಎಂದಿದೆ. ನಮ್ಮ ಸಭೆಗಳಲ್ಲಿ ಭಾನುವಾರವೂ ಮನೆಗೆಲಸದವಳನ್ನು ಕರೆಸುವವರು ಎಷ್ಟು ಜನ? ಠಾಣೆಯ ಆ ಅಕ್ಕನಿಗೆ ಭಾನುವಾರ ರಜೆ ಇದೆಯಾ ಅಂತ ಯಾರಾದರೂ ಕೇಳಿದ್ದೀರಾ?

ಠಾಣೆ ಕನ್ನಡಿಗ
ಇಲ್ಲ ಅಕ್ಕ. ಎರಡು ಮನೆ ಭಾನುವಾರವೂ ಇವೆ. ಅದರಲ್ಲಿ ಒಂದು ನಮ್ಮ ಸಭೆಯವರದೇ.

ನಿವೃತ್ತ ಮಾಸ್ತರ, ಪುಣೆ
ಹಾಗಾದರೆ ಆ ಮನೆಯವರನ್ನು ಮೊದಲು ಮಾತಾಡಿಸಿ. ನಾನು ಶಿಸ್ತಿನ ಪರ ನಿಂತದ್ದು ಬಡವರ ಹೆಸರು ಓದಲಿ ಅಂತಲ್ಲ. ಯಾಜಕಕಾಂಡ 19ರಲ್ಲಿ, ಸಹೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ, ಎದುರಿಗೆ ಗದರಿಸು, ಇಲ್ಲವಾದರೆ ಅವನ ಪಾಪದಲ್ಲಿ ನಿನಗೂ ಪಾಲು ಎಂಬ ಅರ್ಥದ ಮಾತಿದೆ. ಹಿರಿಯರ ಎದುರು ಬಾಯಿ ಕಟ್ಟಿಕೊಂಡು, ಹುಡುಗರ ಎದುರು ಮಾತ್ರ ಗದರಿಸುವುದು ಶಿಸ್ತಲ್ಲ. ಠಾಣೆಯವರೇ, ನಿಮ್ಮ ಹಿರಿಯರ ಜೊತೆ ಮಾತಾಡಲು ವಯಸ್ಸಾದವರು ಬೇಕಿದ್ದರೆ ನಾನು ಪುಣೆಯಿಂದ ಬರುತ್ತೇನೆ. ಬೆಟಗೇರಿಯವರಾದರೆ ಗುರುತು ಸಿಕ್ಕೇ ಸಿಗುತ್ತದೆ.

ಬೈನಾ ಬಂಧು, ವಾಸ್ಕೊ
ಮಾಸ್ತರೇ, ನಿಮ್ಮ ಮೇಲೆ ಗೌರವ ಜಾಸ್ತಿಯಾಯಿತು.

ಡೊಂಬಿವಲಿ ಪೈ. ಸೈ.
ಹಣ ಕೂಡಿಸುವ ಬಗ್ಗೆ ಒಂದು ಸಲಹೆ. ಬೆಳೆ ಹಬ್ಬದ ಹರಾಜಿನ ದುಡ್ಡು ಇದಕ್ಕೆ ಇಡಿ. ನಮ್ಮ ಸಭೆಯಲ್ಲಿ ಒಂದು ತೆಂಗಿನಕಾಯಿಗೆ, ಒಂದು ಕುಂಬಳಕಾಯಿಗೆ ಜನ ಸಾವಿರಗಟ್ಟಲೆ ಕೂಗುತ್ತಾರೆ. ಈಗ ಅದು ಸೌಂಡ್ ಸಿಸ್ಟಮ್‌ಗೆ ಹೋಗುತ್ತದೆ.

ಕಾಂದಿವಲಿ ಕಾಯರ್
ಸೌಂಡ್ ಸಿಸ್ಟಮ್ ಬೇಡ ಅನ್ನಬೇಡಿ, ಹಾಡುವವರಿಗೆ ಕಷ್ಟ ಗೊತ್ತು! ಅರ್ಧ ಇದಕ್ಕೆ, ಅರ್ಧ ಅದಕ್ಕೆ ಮಾಡಿ.

ಠಾಣೆ ಕನ್ನಡಿಗ
ಎಲ್ಲರಿಗೂ ಧನ್ಯವಾದ. ನಿನ್ನೆ ಕಮಿಟಿ ಸೇರಿತ್ತು. ನಡೆದದ್ದು ಹೇಳುತ್ತೇನೆ.

ಮುಂಚೆ ಮಾಸ್ತರರೂ ನಮ್ಮ ಸಭಾಪಾಲಕರೂ ಸಾಲ ಕೊಡುವ ಮೂವರು ಹಿರಿಯರ ಮನೆಗೆ ಹೋಗಿದ್ದರು. ಒಬ್ಬೊಬ್ಬರನ್ನೇ ಕಂಡರು. ಕಿವಿಯೋಲೆ ಇಟ್ಟುಕೊಂಡಿದ್ದ ಹಿರಿಯರು ಮೊದಲು ಮಾತೇ ಆಡಲಿಲ್ಲವಂತೆ. ಕೊನೆಗೆ ಓಲೆ ತಂದು ಮೇಜಿನ ಮೇಲಿಟ್ಟರು. ಇಷ್ಟು ದಿನ ಕಟ್ಟಿದ ಬಡ್ಡಿಯನ್ನು ಅಸಲಿಗೆ ಹಿಡಿಯುತ್ತೇನೆ, ಉಳಿದದ್ದನ್ನು ಆಕೆ ಕೈಲಾದಾಗ ಕೊಡಲಿ ಎಂದರು. ಇನ್ನೊಬ್ಬರು ಇನ್ನು ಮುಂದೆ ಬಡ್ಡಿ ತೆಗೆದುಕೊಳ್ಳುವುದಿಲ್ಲ, ಹಳೆಯದನ್ನು ಬಿಡಲಾರೆ ಎಂದರು. ಮೂರನೆಯವರು ಸಿಟ್ಟಾಗಿ ಬೇರೆ ಸಭೆಗೆ ಹೋಗುತ್ತೇನೆ ಎಂದಿದ್ದಾರೆ. ಅವರನ್ನು ಬಿಡಲು ನಮಗೆ ಇಷ್ಟ ಇಲ್ಲ. ಸಭಾಪಾಲಕರು ಮತ್ತೆ ಹೋಗುತ್ತಾರೆ.

ಮನೆಗಳಿಗೆ ಹೋಗಬಾರದು ಅನ್ನುವ ನಿಯಮ ತೆಗೆದರು. ವಕೀಲರ ಮಾತು ಕೆಲಸ ಮಾಡಿತು. ಹೆಸರು ಓದುವುದೂ ಇಲ್ಲ. ಬದಲಿಗೆ ಮೂರು ವಾರ ಕಾಣದವರ ಮನೆಗೆ ಇಬ್ಬರು ಹೋಗಬೇಕು ಎಂದು ಬರೆದರು. ಕುಡಿತದ ವಿಷಯದಲ್ಲಿ ಒಪ್ಪಿಗೆ ಆಗಲಿಲ್ಲ. ಕೆಲವರು ಭೋಜನ ತಡೆಯಲೇಬೇಕು ಅನ್ನುತ್ತಾರೆ. ಆ ಸಾಲನ್ನು ಹಾಗೇ ಬಿಟ್ಟು ಮುಂದಿನ ತಿಂಗಳಿಗೆ ಹಾಕಿದ್ದಾರೆ. ಬೈನಾದ ಅಕ್ಕನ ಶನಿವಾರದ ಊಟದ ವಿಷಯ ನಾನು ಹೇಳಿದೆ. ಹೆಂಗಸರ ಕೂಟದವರು ಪ್ರಯತ್ನಿಸುತ್ತೇವೆ ಎಂದಿದ್ದಾರೆ.

ಬಡ್ಡಿಯಿಲ್ಲದ ಕೈಸಾಲಕ್ಕೆ ಒಂದು ನಿಧಿ ಮಾಡಲು ತೀರ್ಮಾನ ಆಗಿದೆ. ಬೆಳೆ ಹಬ್ಬದ ಹಣದ ಅರ್ಧ ಅದಕ್ಕೆ. ಈಗ ಪ್ರಶ್ನೆ, ಇದನ್ನು ಹೇಗೆ ನಡೆಸುವುದು? ವಕೀಲರೇ, ನೋಂದಣಿ ಬೇಕಾ?

ವಸಾಯಿ ವಕೀಲ
ನಿಮ್ಮ ಸಭೆ ಟ್ರಸ್ಟ್ ಆಗಿ ನೋಂದಣಿ ಆಗಿದೆಯಾ ನೋಡಿ. ಆಗಿದ್ದರೆ ಟ್ರಸ್ಟಿನ ಉದ್ದೇಶಗಳಲ್ಲಿ ಬಡವರಿಗೆ ನೆರವು ಅನ್ನುವುದು ಇದೆಯಾ ಓದಿ. ಲೆಕ್ಕ ಪ್ರತ್ಯೇಕ ಇಡಿ, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ. ಮುಂದೆ ಜನ ಠೇವಣಿ ಇಡುವಷ್ಟು ಬೆಳೆದರೆ 1960ರ ಸಹಕಾರಿ ಸಂಘಗಳ ಕಾಯ್ದೆಯಡಿ ಪತ್ತಿನ ಸಂಘ ಮಾಡಬಹುದು. ಅಲ್ಲಿಯವರೆಗೆ ಯಾರಿಂದಲೂ ಠೇವಣಿ ತೆಗೆದುಕೊಳ್ಳಬೇಡಿ. ಕಾಣಿಕೆ ಮಾತ್ರ.

ಕಲ್ಬಾದೇವಿ ವ್ಯಾಪಾರಿ
ಲೆಕ್ಕ ಬರೆಯಲು ಬರುತ್ತೇನೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಎರಡು ಸಹಿ ಇಲ್ಲದೆ ಹಣ ಹೊರಗೆ ಹೋಗಬಾರದು, ಸಾಲ ತೆಗೆದುಕೊಂಡವರ ಹೆಸರು ಕಮಿಟಿಯ ಹೊರಗೆ ಹೋಗಬಾರದು. ಈ ಎರಡನ್ನು ಒಪ್ಪಿದರೆ ನಿಧಿಗೆ ನನ್ನ ಕಡೆಯಿಂದಲೂ ಕಾಣಿಕೆ ಇದೆ.

ಠಾಣೆ ಕನ್ನಡಿಗ
ಒಪ್ಪಿದೆವು ಅಣ್ಣ. ಫೋನ್ ನಂಬರ್ ಮೆಸೇಜ್ ಮಾಡುತ್ತೇನೆ. ಮೆಗಾ ಬ್ಲಾಕ್ ಇದ್ದರೆ ಬಸ್ಸಿನಲ್ಲಿ ಬನ್ನಿ, ನಿಲ್ದಾಣಕ್ಕೆ ಯಾರನ್ನಾದರೂ ಕಳಿಸುತ್ತೇನೆ.